ಕಣಜ ತುಂಬಿದ ದುರ್ಭಿಕ್ಷ

ಭಿಕ್ಷೆಯು ಸುಲಭವಾಗಿ ದೊರೆಯುವ ಕಾಲವು ಸುಭಿಕ್ಷವೆಂದೂ, ದುರ್ಲಭವಾದ ಕಾಲವು ದುರ್ಭಿಕ್ಷವೆಂದೂ ಶಬ್ದಾರ್ಥವಿದೆ. ಮಳೆ ಹೋದರೆ ಬೆಳೆ ಹೋಗುವುದು, ಧಾನ್ಯದ ಬೆಲೆ ಏರುವುದು, ಬಡವನು ಹಸಿಯುವನು. ಇದು ನಮ್ಮ ಹಿರಿಯರು ಕಂಡ ಕ್ರಮ. ಆದರೆ ಕಣಜವು ತುಂಬಿದ್ದು, ಬೆಲೆಯು ಇಳಿದಿದ್ದು, ಜನರು ಮಾತ್ರ ಹಸಿದ ವಿಚಿತ್ರ ದುರ್ಭಿಕ್ಷವೊಂದನ್ನು ಲೋಕವು 1929ರಿಂದ ಕೆಲವು ವರ್ಷ ಅನುಭವಿಸಿತು. ಅದೇ ಮಹಾ ಆರ್ಥಿಕ ಮುಗ್ಗಟ್ಟು. ಅಗ್ಗವು ಅನರ್ಥವಾದ ಬಗೆಯನ್ನು ಗೃಹಸ್ಥರೂ ಗೃಹಿಣಿಯರೂ ತಿಳಿದಿರುವುದು ಉಚಿತ.

ಅದಕ್ಕೆ ಹಿಂದಿನ ವರ್ಷಗಳಲ್ಲಿ ಅಮೆರಿಕದ ಅನೇಕರು ಸಾಲ ಮಾಡಿ ಷೇರುಗಳನ್ನೂ, ಕಂತಿನ ಮೇಲೆ ಮೋಟಾರು, ರೇಡಿಯೋಗಳನ್ನೂ ಕೊಂಡಿದ್ದರು. 1929ನೆಯ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಆದರೆ ಅಷ್ಟರಿಂದಲೇ ಇಂತಹ ವಿಪತ್ತು ಒದಗಲಿಲ್ಲ. ಭೀತರಾದ ಜನರು ತಮ್ಮ ಠೇವಣಿಗಾಗಿ ಬ್ಯಾಂಕುಗಳಿಗೆ ಮುಗಿಬಿದ್ದರು. ಬ್ಯಾಂಕು ಆ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಅದರಲ್ಲಿ ಬಹುಪಾಲನ್ನು ಸಾಲವಾಗಿ ಕೊಟ್ಟಿರುತ್ತದೆ. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದುವು. ನಾಣ್ಯವೂ ಠೇವಣಿಯೂ ಸೇರಿದ ಹಣದ ಮೊತ್ತವು ಮೂರರಲ್ಲೊಂದು ಪಾಲು ಕುಗ್ಗಿತು. ಹಣ ಕುಗ್ಗಲು ಬೆಲೆಗಳು ಇಳಿದುವು. ಬೆಲೆ ಇಳಿಯಲು ಕಾರ್ಖಾನೆಗಳು ಮುಚ್ಚಿದುವು. 1930ರಲ್ಲಿ ಅಮೆರಿಕವು ಆಮದಿನ ಸುಂಕವನ್ನು ಏರಿಸಿತು. ಇತರ ದೇಶಗಳೂ ಹಾಗೆಯೇ ಮಾಡಿ, ಲೋಕದ ವ್ಯಾಪಾರವು ಇನ್ನಷ್ಟು ಕ್ಷೀಣಿಸಿತು.

ಬೆಲೆ ಇಳಿದರೆ ಬಡವನಿಗೆ ಲಾಭವಲ್ಲವೇ ಎಂದು ಕೇಳಬಹುದು. ನೂರು ರೂಪಾಯಿ ಸಾಲವಿರುವ ರೈತನೊಬ್ಬನನ್ನು ಭಾವಿಸೋಣ. ಮೂಟೆಗೆ ಹತ್ತು ರೂಪಾಯಿ ಇದ್ದಾಗ ಹತ್ತು ಮೂಟೆ ಮಾರಿದರೆ ಅವನು ಋಣಮುಕ್ತನು. ಧಾರಣೆಯು ಐದಕ್ಕೆ ಇಳಿದರೆ ಇಪ್ಪತ್ತು ಮೂಟೆ ಬೇಕು. ಸಾಲಪತ್ರದ ಅಂಕೆಯು ಬದಲಾಗದು. ಭಾರವು ಮಾತ್ರ ಇಮ್ಮಡಿಯಾಗುವುದು. ಸಾಲ ತೀರಿಸಲು ಎಲ್ಲರೂ ಒಟ್ಟಿಗೆ ಮಾರಹೊರಟರೆ ಬೆಲೆಯು ಇನ್ನೂ ಇಳಿದು, ಉಳಿದ ಋಣವು ಇನ್ನೂ ಭಾರವಾಗುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಷರ್ 1933ರಲ್ಲಿ ವಿವರಿಸಿದ ತತ್ತ್ವವಿದು.

ಆ ವರ್ಷ ಅಮೆರಿಕದ ದುಡಿಮೆಗಾರರಲ್ಲಿ ಸುಮಾರು ನಾಲ್ವರಿಗೊಬ್ಬನಿಗೆ ಕೆಲಸವಿರಲಿಲ್ಲ. ನಗರಗಳಲ್ಲಿ ಜನರು ರೊಟ್ಟಿಗಾಗಿ ಸಾಲುಗಟ್ಟಿ ನಿಂತಿರಲು, ಹಳ್ಳಿಗಳಲ್ಲಿ ಕೆಲವು ರೈತರು ಮಾರಾಟವಾಗದ ಮುಸುಕಿನ ಜೋಳವನ್ನು ಒಲೆಗೆ ಹಾಕಿ ಉರಿಸಿದರು. ಮದುವೆಗಳು ಮುಂದಕ್ಕೆ ಹೋದುವು. ಮಕ್ಕಳು ಹುಟ್ಟುವುದು ಕಡಿಮೆಯಾಯಿತು. ಗಂಡಹೆಂಡಿರಿಬ್ಬರೂ ಕೇಂದ್ರ ಸರಕಾರದ ನೌಕರರಾಗಿದ್ದರೆ, ಸಿಬ್ಬಂದಿಯನ್ನು ತಗ್ಗಿಸುವಾಗ ಅವರಲ್ಲೊಬ್ಬರನ್ನು ಮೊದಲು ತೆಗೆಯಬೇಕೆಂದು 1932ರಲ್ಲಿ ಕಾನೂನಾಯಿತು. ಹಾಗೆ ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ಹೆಂಗಸರು.

ಈ ಬಿರುಗಾಳಿಯು ನಮ್ಮ ದೇಶವನ್ನೂ ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಬೆಳೆಗಳ ಧಾರಣೆಯು ಸುಮಾರು ಅರ್ಧಕ್ಕಿಳಿಯಿತು. ಸರಕಾರದ ಕಂದಾಯವೂ ಸಾಹುಕಾರನ ಬಾಕಿಯೂ ರೂಪಾಯಿಯ ಲೆಕ್ಕದಲ್ಲಿಯೇ ನಿಂತಿದ್ದುವು. 1931ನೆಯ ಸೆಪ್ಟೆಂಬರಿನಲ್ಲಿ ಬ್ರಿಟನ್ನು ಪೌಂಡಿಗೂ ಚಿನ್ನಕ್ಕೂ ಇದ್ದ ಸಂಬಂಧವನ್ನು ಕಡಿದುಕೊಂಡಿತು. ಪೌಂಡಿಗೆ ಕಟ್ಟಿದ್ದ ರೂಪಾಯಿಯ ಲೆಕ್ಕದಲ್ಲಿಯೂ ಚಿನ್ನದ ಬೆಲೆ ಏರಿತು. ಆಗ ಬಳೆ, ಓಲೆ, ಸರಗಳು ಅಕ್ಕಸಾಲಿಯ ಮೂಸೆಯಲ್ಲಿ ಕರಗಿ, ಗಟ್ಟಿಗಳಾಗಿ, ಹಡಗೇರಿದುವು. ಚಿನ್ನವನ್ನು ತರಿಸಿಕೊಳ್ಳುತ್ತಿದ್ದ ದೇಶವು ಕಳುಹಿಸುವ ದೇಶವಾಯಿತು. ಆಳುವವರು ಇದನ್ನು ಸ್ವಾಗತಿಸಿದರು. ಆದರೆ ಎಷ್ಟೋ ಮನೆಗಳಲ್ಲಿ ಹೀಗೆ ಹೋದದ್ದು ಆಪತ್ಕಾಲಕ್ಕೆಂದು ಇಟ್ಟಿದ್ದ ಸ್ತ್ರೀಧನವು.

ಈ ದುಃಖದಿಂದಲೇ ಕೆಲವು ರಕ್ಷೆಗಳು ಹುಟ್ಟಿದುವು. ಅಮೆರಿಕವು 1933ರಲ್ಲಿ ಠೇವಣಿಗೆ ವಿಮೆಯನ್ನೂ, 1935ರಲ್ಲಿ ವೃದ್ಧರಿಗೂ ನಿರುದ್ಯೋಗಿಗಳಿಗೂ ನೆರವಿನ ಕಾನೂನನ್ನೂ ಮಾಡಿತು. 1938ರಲ್ಲಿ ಮದರಾಸು ಪ್ರಾಂತ್ಯವು ರೈತರ ಸಾಲವನ್ನು ಕಾನೂನಿನಿಂದ ತಗ್ಗಿಸಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತ್ಯದವು. ನಮ್ಮ ದೇಶದಲ್ಲಿ ಠೇವಣಿಯ ವಿಮೆಯು ಬಂದದ್ದು 1962ರಲ್ಲಿ.

ಮಿತವ್ಯಯವು ಸದ್ಗುಣವೇ ಸರಿ. ಆದರೆ ಒಬ್ಬನ ವೆಚ್ಚವು ಇನ್ನೊಬ್ಬನ ವರಮಾನವೆಂಬುದೂ ಅಷ್ಟೇ ನಿಜ. ಎಲ್ಲರೂ ಒಮ್ಮೆಗೇ ಕೈ ಬಿಗಿದರೆ ದುಡಿಯಬಲ್ಲವನಿಗೂ ದುಡಿಮೆ ಇಲ್ಲದಾಗುವುದು. ಅಂತಹ ಕಾಲದಲ್ಲಿ ಕೆಲಸವಿಲ್ಲದೆ ಬಾಗಿಲಿಗೆ ಬಂದವನನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. ಅವನಿಗೆ ಅನ್ನವನ್ನೂ, ಶಕ್ಯವಾದರೆ ಕೆಲಸವನ್ನೂ ಕೊಡುವ ಮನೆಯಲ್ಲಿ ಸುಭಿಕ್ಷವು ಇನ್ನೂ ಉಳಿದಿದೆಯೆಂದು ತಿಳಿಯಬೇಕು.