ಚಾಂದನೀ ಚೌಕದ ಕಳೆದುಹೋದ ಕಾಲುವೆ

ದೆಹಲಿಯ ಮೆಟ್ರೋ ರೈಲಿನ ಕೆಂಪು ಮಾರ್ಗದಲ್ಲಿ ‘ಪುಲ್ ಬಂಗಶ್’ ಎಂಬ ನಿಲ್ದಾಣವೊಂದುಂಟು. ‘ಪುಲ್’ ಎಂದರೆ ಸೇತುವೆ. ಹಳೆಯ ನಗರದ ವಾಯವ್ಯ ಭಾಗದಲ್ಲಿ ‘ನಹರ್ ಸಆದತ್ ಖಾನ್’ ಎಂಬ ಬೀದಿಯೂ ಇದೆ. ‘ನಹರ್’ ಎಂದರೆ ಕಾಲುವೆ. ಆದರೆ ಆ ಸೇತುವೆಯ ಕೆಳಗೆ ನೀರಿಲ್ಲ. ಆ ಕಾಲುವೆಯ ಬೀದಿಯಲ್ಲಿ ಕಾಲುವೆಯಿಲ್ಲ. ಊರಿನ ಹೆಸರುಗಳು ಸುಮ್ಮನೆ ಹುಟ್ಟುವುದಿಲ್ಲವೆಂದು ನಾವು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇವೆ. ಈ ಎರಡು ಹೆಸರುಗಳ ಹಿಂದಿರುವ ಕಾಲುವೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ತಿಳಿಸಲೆಳಸುತ್ತೇವೆ.

ಬಾದಶಹ ಶಹಾಜಹಾನನು ಆಗ್ರಾದಿಂದ ರಾಜಧಾನಿಯನ್ನು ಬದಲಿಸಬೇಕೆಂದು 1639ರಲ್ಲಿ ದೆಹಲಿಯ ಕೆಂಪುಕೋಟೆಗೆ ಅಡಿಗಲ್ಲು ಹಾಕಿಸಿದನು. 1648ರಲ್ಲಿ ಅರಮನೆಯನ್ನು ಪ್ರವೇಶಿಸಿದನು. ಕೋಟೆಯ ಪೂರ್ವದ ಗೋಡೆಯ ಬುಡದಲ್ಲಿಯೇ ಆಗ ಯಮುನೆ ಹರಿಯುತ್ತಿದ್ದಳು. ಹೀಗಿರುವಾಗ ದೂರದಿಂದ ಕಾಲುವೆ ತರುವ ಅಗತ್ಯವೇನು? ಕಾರಣ ಸರಳವಾದುದು. ನದಿ ತಗ್ಗಿನಲ್ಲಿ, ನಗರ ಎತ್ತರದಲ್ಲಿ. ಏತದಿಂದಲೋ ಕಪಿಲೆಯಿಂದಲೋ ಒಂದು ತೋಟಕ್ಕೆ ನೀರೆತ್ತಬಹುದು. ಇಡಿಯ ರಾಜಧಾನಿಗೆ ಹಗಲಿರುಳು ನೀರೆತ್ತುವುದು ಆಗದ ಮಾತು. ಆದುದರಿಂದ ನದಿಯ ಪಾತ್ರವೇ ನಗರಕ್ಕಿಂತ ಎತ್ತರವಾಗಿರುವ ಉತ್ತರದ ಬೆಟ್ಟದ ತಪ್ಪಲಿಗೆ ಹೋಗಿ, ಅಲ್ಲಿ ನೀರನ್ನು ತಿರುಗಿಸಿ, ನದಿಗಿಂತ ಕಡಿಮೆ ಇಳಿಜಾರಿನ ದಾರಿಯಲ್ಲಿ ಮೆಲ್ಲಮೆಲ್ಲನೆ ನಡೆಸಿಕೊಂಡು ಬರಬೇಕು. ನದಿ ಬೇಗ ಇಳಿಯುವುದು, ಕಾಲುವೆ ನಿಧಾನವಾಗಿ ಇಳಿಯುವುದು; ದೆಹಲಿಗೆ ಬರುವ ಹೊತ್ತಿಗೆ ಕಾಲುವೆಯ ನೀರು ಮೇಲೆ, ನದಿಯ ನೀರು ಕೆಳಗೆ. ಕಾಲುವೆಯ ವಿದ್ಯೆಯೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಈ ದಾರಿಯನ್ನು ಮೊದಲು ತೋರಿಸಿದವನು ಶಹಾಜಹಾನನಲ್ಲ. ಅವನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ, 14ನೆಯ ಶತಮಾನದ ನಡುವಿನಲ್ಲಿ, ತುಘಲಕ್ ವಂಶದ ಫಿರೋಜ ಶಹನು ಯಮುನೆಯಿಂದ ಕಾಲುವೆ ತೋಡಿಸಿದ್ದನು. ಅದು ದೆಹಲಿಗಾಗಿ ಅಲ್ಲ. ತಾನು ಕಟ್ಟಿಸಿದ ಹಿಸಾರ್ ಪಟ್ಟಣಕ್ಕೂ ಅದರ ಸುತ್ತಣ ಬಯಲಿಗೂ ನೀರು ಬೇಕಾಗಿತ್ತು. ಅವನ ತರುವಾಯ ಕಾಲುವೆ ಹೂಳು ತುಂಬಿ ನಿಂತಿತು. ಅಕಬರನ ಕಾಲದಲ್ಲಿ ದೆಹಲಿಯ ಸುಬೇದಾರನಾದ ಶಿಹಾಬುದ್ದೀನ್ ಅಹಮದ್ ಖಾನನು ಹೂಳೆತ್ತಿಸಿದನು. ಜನ ಅದಕ್ಕೆ ಅವನ ಹೆಸರನ್ನೇ ಇಟ್ಟರು. ಮತ್ತೆ ಹೂಳು ತುಂಬಿತು. ಶಹಾಜಹಾನನು ಖಿಜರಾಬಾದಿನಿಂದ ಸಫೀದೋನ್‌ವರೆಗಿನ ಹಳೆಯ ಕಾಲುವೆಯನ್ನು ದುರಸ್ತಿ ಮಾಡಿಸಿ, ಅಲ್ಲಿಂದ ಕೆಂಪುಕೋಟೆಯವರೆಗೆ ಸುಮಾರು 30 ಕೋಸು ಹೊಸದಾಗಿ ತೋಡಿಸಿದನು. 1638ರಲ್ಲಿ ಕಂದಹಾರವನ್ನು ಮೊಗಲರಿಗೊಪ್ಪಿಸಿ ಅವರ ಸೇವೆಗೆ ಬಂದ ಪಾರಸಿಕ ಸರದಾರ ಅಲೀ ಮರ್ದಾನ್ ಖಾನನ ಹೆಸರು ಜನರ ಬಾಯಲ್ಲಿ ಈ ಕಾಲುವೆಗೆ ಅಂಟಿಕೊಂಡಿತು. ಕಾಲುವೆಗಳ ಚರಿತ್ರೆಯಲ್ಲಿ ಅರಸರ, ಸರದಾರರ ಹೆಸರುಗಳೇ ಉಳಿಯುವುವು. ಗುದ್ದಲಿ ಹಿಡಿದವರ ಹೆಸರು ಎಲ್ಲಿಯೂ ಇಲ್ಲ.

ಕಾಲುವೆ ವಾಯವ್ಯದ ಕಾಬೂಲಿ ದರವಾಜೆಯ ಬಳಿ ನಗರವನ್ನು ಹೊಕ್ಕು ಕವಲೊಡೆಯುತ್ತಿತ್ತು. ಒಂದು ಕವಲು ಬಾದಶಹನ ಮಗಳಾದ ಜಹಾನಾರಾ ಬೇಗಮಳ ತೋಟವನ್ನು ಹಾಯ್ದು ಕೋಟೆಗೆ ಹೋಗುತ್ತಿತ್ತು. ಕೋಟೆಯ ಒಳಗೆ ಅದರ ಹೆಸರು ‘ನಹರ್-ಎ-ಬಿಹಿಶ್ತ್’, ಎಂದರೆ ಸ್ವರ್ಗದ ಕಾಲುವೆ. ಶಾಹ್ ಬುರ್ಜಿನಲ್ಲಿ ಅಮೃತಶಿಲೆಯ ಇಳಿಜಾರಿನ ಮೇಲೆ ಜಾರಿ, ಸ್ನಾನಗೃಹ, ದಿವಾನ್-ಎ-ಖಾಸ್‌ಗಳನ್ನು ದಾಟಿ, ನ್ಯಾಯದ ತಕ್ಕಡಿಯನ್ನು ಕೆತ್ತಿದ ಜಾಲಂಧ್ರದ ಕೆಳಗೆ ನುಸುಳಿ, ರಂಗಮಹಲಿನ ಕಮಲಾಕಾರದ ಕೊಳವನ್ನು ತುಂಬುತ್ತಿತ್ತು. ಆ ಅಮೃತಶಿಲೆಯ ತೋಡು ಈಗಲೂ ಇದೆ. ಕೋಟೆಗೆ ಹೋಗುವ ವಿದ್ಯಾರ್ಥಿಗಳು ಅದನ್ನು ಕಲ್ಲಿನ ಅಲಂಕಾರವೆಂದು ತಿಳಿದು ದಾಟಿಬಿಡುವರು.

ಇನ್ನೊಂದು ಕವಲೇ ಚಾಂದನೀ ಚೌಕದ ಕಾಲುವೆ. ಸುಮಾರು 40 ಗಜ ಅಗಲದ ಆ ರಾಜಬೀದಿಯ ನಟ್ಟನಡುವೆ ಅದು ಹರಿಯುತ್ತಿತ್ತು. ಎರಡು ದಡಗಳಲ್ಲಿಯೂ ನೆರಳಿನ ಮರಗಳು, ಅವುಗಳ ಆಚೆ ಅಂಗಡಿಗಳ ಸಾಲು. ಬೀದಿಯ ಮಧ್ಯದಲ್ಲಿ ಜಹಾನಾರಾ ಬೇಗಮಳು 1650ರಲ್ಲಿ ಅಷ್ಟಕೋನದ ಚೌಕವೊಂದನ್ನು ಕಟ್ಟಿಸಿ ಅದರೊಳಗೆ ಕೊಳ ಮಾಡಿಸಿದಳು. ಬೆಳುದಿಂಗಳು ಆ ಕೊಳದಲ್ಲಿ ಬೀಳುತ್ತಿದ್ದುದರಿಂದ ಅದು ‘ಚಾಂದನೀ ಚೌಕ’ವಾಯಿತೆಂದು ಹೇಳುವರು. ಮೊದಲು ಆ ಹೆಸರು ಚೌಕಕ್ಕೆ ಮಾತ್ರ ಇದ್ದುದು. ಕಾಲಕ್ರಮದಲ್ಲಿ ಇಡಿಯ ಬೀದಿಯನ್ನೇ ಆವರಿಸಿತು. ಹೆಸರು ಬೆಳೆಯಿತು, ಕೊಳ ಮಾಯವಾಯಿತು.

ಕಾಲುವೆ ಮಾಯವಾದುದು ಒಂದೇ ದಿನದಲ್ಲಿ ಅಲ್ಲ. 1739ರಲ್ಲಿ ನಾದಿರ ಶಹನ ದಾಳಿಯಿಂದ ದೆಹಲಿ ಕುಗ್ಗಿತು. ಆದರೆ ನಾದಿರನು ಕಾಲುವೆಯನ್ನು ಕೆಡವಲಿಲ್ಲ. ಕೆಡವುವ ಆವಶ್ಯಕತೆಯೇ ಇರಲಿಲ್ಲ. ಕಾಲುವೆ ಹರಿಯಬೇಕಾದರೆ ವರ್ಷವರ್ಷವೂ ಹೂಳೆತ್ತಬೇಕು, ಮಳೆಗಾಲದಲ್ಲಿ ಒಡೆದ ದಂಡೆಯನ್ನು ಕಟ್ಟಬೇಕು, ದಾರಿಯಲ್ಲಿ ನೀರನ್ನು ತಿರುಗಿಸಿಕೊಳ್ಳುವವರನ್ನು ತಡೆಯಬೇಕು. ನೂರಾರು ಮೈಲಿ ದೂರದವರೆಗೆ ಮಾತು ನಡೆಯುವ ಅಧಿಕಾರ ದೆಹಲಿಯ ಬಾದಶಹನಿಗೆ ಉಳಿಯಲಿಲ್ಲ. 18ನೆಯ ಶತಮಾನದ ನಡುವಿನ ಹೊತ್ತಿಗೆ ನೀರು ನಿಂತಿತು. ನಗರವು ತನ್ನ ಬಾವಿಗಳ ಮೇಲೆ ನಿಲ್ಲಬೇಕಾಯಿತು.

ನಮ್ಮ ಹಂಪೆಯಲ್ಲಿ ಇದರ ವಿಪರೀತವನ್ನು ಕಾಣುವೆವು. 1565ರ ತರುವಾಯ ವಿಜಯನಗರ ಹಾಳಾಯಿತು. ಆದರೆ ಅದರ ಅರಸರು ತುಂಗಭದ್ರೆಯಿಂದ ತಿರುಗಿಸಿದ ತುರ್ತು ಕಾಲುವೆ ಇಂದಿಗೂ ಹಾಳು ಗುಡಿಗಳ ನಡುವೆ ಹರಿದು ಬಾಳೆಯ ತೋಟಗಳಿಗೂ ಗದ್ದೆಗಳಿಗೂ ನೀರುಣಿಸುತ್ತಿದೆ. ಅಲ್ಲಿ ಪಟ್ಟಣ ಹೋಯಿತು, ಕಾಲುವೆ ಉಳಿಯಿತು. ಇಲ್ಲಿ ಕಾಲುವೆ ಹೋಯಿತು, ಪಟ್ಟಣ ಉಳಿಯಿತು. ಗದ್ದೆಯ ಒಕ್ಕಲಿಗನಿಗೆ ನೀರು ಬೇಕಾಗಿರುವವರೆಗೆ ಅವನು ಯಾವ ಅರಸನ ಅಪ್ಪಣೆಗೂ ಕಾಯದೆ ಗುದ್ದಲಿ ಎತ್ತುವನೆಂದು ನಮಗೆ ತೋರುತ್ತದೆ.

ದೆಹಲಿಯ ಕಾಲುವೆಗೆ ಮತ್ತೊಮ್ಮೆ ಜೀವ ಬಂತು. ಆಂಗ್ಲರು 1817ರಲ್ಲಿ ದುರಸ್ತಿಗೆ ಕೈಹಾಕಿದರು. ಬ್ಲೇನ್ ಎಂಬ ಸೇನಾಧಿಕಾರಿ ಕೆಲಸ ನಡೆಸಿದನು. 1820ರ ಸುಮಾರಿಗೆ ನೀರು ನಗರವನ್ನು ಮುಟ್ಟಿದಾಗ ಜನರು ಗುಂಪುಗುಂಪಾಗಿ ಹೊರಟು, ಹೂ ಚೆಲ್ಲಿ ಅದನ್ನು ಎದುರುಗೊಂಡರು. ಅರುವತ್ತು ವರ್ಷ ಕಾಣದ ನೆಂಟ ಬಂದರೆ ಹಾಗೆ ಮಾಡುವುದು ಸಹಜವೇ. ಆದರೆ ಹಳೆಯ ಜಾಡು ತಗ್ಗು ನೆಲದಲ್ಲಿ ಹೋಗುತ್ತಿದ್ದುದರಿಂದ ಮಳೆನೀರು ಹರಿದುಹೋಗದೆ ದಾರಿಯ ಹಳ್ಳಿಗಳಲ್ಲಿ ಜವುಗು ಹೆಚ್ಚಿತು, ಚಳಿಜ್ವರ ಹಬ್ಬಿತು. ಕರನಾಲಿನ ದಂಡಿನ ಪಾಳೆಯವನ್ನು 1840ರ ದಶಕದ ಆರಂಭದಲ್ಲಿ ಬಿಟ್ಟುಬಿಡಬೇಕಾಯಿತು. ನಗರದಲ್ಲಿಯೂ ನೀರು ಸಾಕಷ್ಟು ಬರಲಿಲ್ಲ. 1843ರಲ್ಲಿ ಕೋಟೆಯೂರಿನ 607 ಬಾವಿಗಳಲ್ಲಿ ಸಿಹಿನೀರಿನವು 52 ಮಾತ್ರ, ಮಿಕ್ಕವೆಲ್ಲ ಉಪ್ಪುನೀರಿನವು.

1857ರ ದಂಗೆಯ ತರುವಾಯ ನಗರದ ರೂಪವೇ ಬದಲಾಯಿತು. ಕೋಟೆಯೊಳಗೆ ಸೈನಿಕರ ವಸತಿಗಳು ಎದ್ದುವು. ಜಹಾನಾರಾಳ ಛತ್ರವಿದ್ದಲ್ಲಿ ಪುರಭವನವೂ, ಕೊಳವಿದ್ದಲ್ಲಿ ಗಡಿಯಾರದ ಗೋಪುರವೂ ನಿಂತುವು. ಆ ಗೋಪುರವೂ ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಕುಸಿಯಿತು. ಜನ ಮಾತ್ರ ಆ ಸ್ಥಳವನ್ನು ಈಗಲೂ ‘ಘಂಟಾಘರ್’ ಎನ್ನುವರು. 1890ರ ದಶಕದಲ್ಲಿ ಕೊಳಾಯಿಯ ನೀರು ಮನೆಗಳಿಗೆ ಬಂದಮೇಲೆ ಬೀದಿಯ ಕಾಲುವೆ ಯಾರಿಗೂ ಬೇಡವಾಯಿತು. ಅದರ ಮೇಲೆ ಹಾಸು ಹಾಕಿ ಮುಚ್ಚಿದರು. ಕೆಲವು ಕಾಲ ಅದೇ ಕಾಲುದಾರಿಯಾಗಿತ್ತು, ಆಮೇಲೆ ಅದೂ ಬೀದಿಯಲ್ಲಿ ಸೇರಿಹೋಯಿತು. 2021ರಲ್ಲಿ ಬೀದಿಯನ್ನು ನವೀಕರಿಸಿ ಕಲ್ಲು ಹಾಸಿದಾಗಲೂ ನೀರು ಮರಳಲಿಲ್ಲ.

ಇಷ್ಟಾದರೂ ಕಾಲುವೆ ಪೂರ್ತಿಯಾಗಿ ಸತ್ತಿತೆನ್ನುವಂತಿಲ್ಲ. ಫಿರೋಜ ಶಹನ ಕಾಲುವೆಯ ವಂಶದ್ದೇ ಆದ ಪಶ್ಚಿಮ ಯಮುನಾ ಕಾಲುವೆ, ದೆಹಲಿಯಿಂದ ಸುಮಾರು 200 ಕಿಲೋಮೀಟರು ಉತ್ತರದಲ್ಲಿರುವ ಹಥ್ನಿಕುಂಡದ ಅಣೆಕಟ್ಟಿನಿಂದ ಇಂದಿಗೂ ಹೊರಡುತ್ತದೆ. ಅದರ ಜಾಡು ಬದಲಾಗಿದೆ, ದಂಡೆಗೆ ಸಿಮೆಂಟು ಬಂದಿದೆ. ಕರನಾಲ ಜಿಲ್ಲೆಯ ಮುನಕ್ ಎಂಬಲ್ಲಿ ಕವಲೊಡೆದು ದೆಹಲಿಯ ಹೈದರಪುರದ ನೀರು ಶುದ್ಧಿಮಾಡುವ ಕೇಂದ್ರಕ್ಕೆ ಬಂದು, ಅಲ್ಲಿಂದ ನಗರದ ಅಸಂಖ್ಯ ಮನೆಗಳ ನಲ್ಲಿಗಳನ್ನು ಸೇರುತ್ತದೆ. 2016ರ ಫೆಬ್ರುವರಿಯಲ್ಲಿ ಹರಿಯಾಣದಲ್ಲಿ ಚಳವಳಿಯೊಂದು ನಡೆದಾಗ ಮುನಕ್‌ನಲ್ಲಿ ಕಾಲುವೆಯ ಬಾಗಿಲುಗಳನ್ನು ಮುಚ್ಚಿ ದಂಡೆಗೆ ಹಾನಿಮಾಡಿದರು. ನಲ್ಲಿಗಳು ಒಣಗಿದುವು. ನೀರಿಲ್ಲದ ಕಾರಣ ಆ ತಿಂಗಳ 22ರಂದು ದೆಹಲಿಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಸೈನ್ಯ ಹೋಗಿ ಕಾಲುವೆಯನ್ನು ವಶಪಡಿಸಿಕೊಂಡ ಮೇಲೆ ಬಾಗಿಲುಗಳು ತೆರೆದುವು. ಒಡೆದ ದಂಡೆಯನ್ನು ಸರಿಪಡಿಸಿ ಮೊದಲಿನಂತೆ ನೀರು ತರಲು ಇನ್ನೂ ಕೆಲವು ದಿನ ಹಿಡಿಯಿತು.