ಕೇಬಲ್‌ಗೂ ಉಸಿರಾಡೋಕೆ ಜಾಗ ಬೇಕು

ಪೀಣ್ಯದಂಥ ಕಡೆ ಒಂದು ಸಣ್ಣ ಫ್ಯಾಕ್ಟರಿಗೆ 50 ಎಚ್‌ಪಿ ತ್ರೀ ಫೇಸ್ ಮೋಟಾರ್ ಬಂತು ಅಂದ್ಕೊಳ್ಳಿ. ಫುಲ್ ಲೋಡ್‌ನಲ್ಲಿ ಅದು ಸುಮಾರು 66 ಆಂಪ್ಸ್ ಎಳೆಯುತ್ತೆ. ಕ್ಯಾಟಲಾಗ್‌ನಲ್ಲಿ 80 ಆಂಪ್ಸ್ ಅಂತ ಬರೆದಿರೋ ಕೇಬಲ್ ಸಾಕಲ್ವಾ?

ಸಾಲದು. ಅದು ಕೇಬಲ್ ಒಂದೇ ಇದ್ದಾಗಿನ ಲೆಕ್ಕ. ಒಂದೇ ಟ್ರೇನಲ್ಲಿ ಐದಾರು ಕೇಬಲ್ ಒತ್ತಾಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ತಟ್ಟುತ್ತೆ. ಇದಕ್ಕಾಗಿ ಸಾಮರ್ಥ್ಯವನ್ನು 0.75ರಿಂದ ಗುಣಿಸಬೇಕಾಗಿ ಬಂದರೆ ಉಳಿಯೋದು 60 ಆಂಪ್ಸ್ ಮಾತ್ರ. ಸಾಮಾನ್ಯ ಪಿವಿಸಿ ಕೇಬಲ್‌ನ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟುತ್ತಲೇ ಇದ್ದರೆ ಇನ್ಸುಲೇಷನ್ ಹಾಳಾಗಿ ಬೆಂಕಿ ಹತ್ತಬಹುದು.

ಬ್ರೇಕರ್ ಕಾಪಾಡಲ್ವಾ? 80ರ ಬ್ರೇಕರ್ 66 ಆಂಪ್ಸ್‌ಗೆ ಟ್ರಿಪ್ ಆಗಲ್ಲ. ಹಾಗಾಗಿ 80ನ್ನು 0.75ರಿಂದ ಭಾಗಿಸಿ: ಕನಿಷ್ಠ 107 ಆಂಪ್ಸ್ ಕೇಬಲ್ ಬೇಕು. ದೂರ ಹೆಚ್ಚಿದ್ದರೆ ವೋಲ್ಟೇಜ್ ಡ್ರಾಪ್ ಕೂಡ ನೋಡಿ.

ಹೊಸ ಮೆಷಿನ್ ಕೂರಿಸುವ ಮುಂಚೆ ಎಲೆಕ್ಟ್ರಿಷಿಯನ್‌ಗೆ ಒಂದೇ ಪ್ರಶ್ನೆ ಕೇಳಿ: "ಡಿರೇಟಿಂಗ್ ಲೆಕ್ಕ ಹಾಕಿದ್ದೀರಾ?"