ದಿವಾಳಿ ಎಂದರೆ ಕಂಪನಿಗೆ ಬೀಗವೇ?

ಹಳದಿ ಡಬ್ಬಿಯ ಫೋಟೊ ರೀಲಿನಿಂದ ನಮ್ಮಲ್ಲೂ ಮನೆಮಾತಾಗಿದ್ದ ಅಮೆರಿಕದ ಕೊಡಕ್ ಕಂಪನಿ 2012ರ ಜನವರಿ 19ರಂದು ದಿವಾಳಿ ಅರ್ಜಿ ಹಾಕಿತು. ದಿವಾಳಿಯ ಬಗ್ಗೆ ನಾವು ನಂಬಿಕೊಂಡಿರುವ ಎಷ್ಟೋ ಸಂಗತಿ ನಿಜವಲ್ಲ ಎಂಬುದನ್ನು ಈ ಪ್ರಕರಣವೊಂದೇ ತೋರಿಸಿಕೊಡುತ್ತದೆ.

ತಪ್ಪು ಕಲ್ಪನೆ: ಅರ್ಜಿ ಹಾಕಿದರೆ ಕಂಪನಿಯ ಕಥೆ ಮುಗಿಯಿತು.

ಸತ್ಯ: ಕೊಡಕ್ ಮೊರೆಹೋದದ್ದು ಅಮೆರಿಕದ ದಿವಾಳಿ ಕಾಯ್ದೆಯ ‘ಚಾಪ್ಟರ್ 11’ಕ್ಕೆ. ಅದಿರುವುದು ಕಂಪನಿಯನ್ನು ಮುಚ್ಚಲು ಅಲ್ಲ, ಮತ್ತೆ ಕಟ್ಟಲು. ಅರ್ಜಿ ಬಿದ್ದೊಡನೆ ಹಳೆಯ ಸಾಲದ ವಸೂಲಿಗೆ ತಡೆ ಬೀಳುತ್ತದೆ, ವಹಿವಾಟು ನಡೆಯುತ್ತಲೇ ಇರುತ್ತದೆ. 2013ರ ಸೆಪ್ಟೆಂಬರ್ 3ರಂದು ಕೊಡಕ್ ದಿವಾಳಿಯಿಂದ ಹೊರಬಂತು. ರಾಚೆಸ್ಟರ್ ನಗರದಲ್ಲಿ ಇಂದಿಗೂ ಫಿಲ್ಮ್ ತಯಾರಿಸುತ್ತಿದೆ.

ತಪ್ಪು ಕಲ್ಪನೆ: ಹೊಸ ತಂತ್ರಜ್ಞಾನದ ಅರಿವಿಲ್ಲದವರೇ ಮುಳುಗುತ್ತಾರೆ.

ಸತ್ಯ: 1975ರಲ್ಲಿ ಡಿಜಿಟಲ್ ಕ್ಯಾಮೆರಾ ತಯಾರಿಸಿದ ಸ್ಟೀವನ್ ಸ್ಯಾಸನ್ ಕೊಡಕ್‌ನದೇ ಎಂಜಿನಿಯರ್. ಆದರೆ ಕಂಪನಿಯ ಲಾಭವಿದ್ದದ್ದು ಜನ ಮತ್ತೆ ಮತ್ತೆ ಕೊಳ್ಳುತ್ತಿದ್ದ ರೀಲು, ಕಾಗದ, ರಾಸಾಯನಿಕಗಳಲ್ಲಿ. ಡಿಜಿಟಲ್ ಬಂದಮೇಲೆ ಅವನ್ನು ಕೊಳ್ಳುವವರೇ ಕಡಿಮೆಯಾದರು. 1988ರಲ್ಲಿ ಸುಮಾರು 1,45,000 ಇದ್ದ ನೌಕರರ ಸಂಖ್ಯೆ ಅರ್ಜಿಯ ಹೊತ್ತಿಗೆ 17,000ದ ಆಸುಪಾಸಿಗೆ ಇಳಿದಿತ್ತು. ವ್ಯಾಪಾರ ಕುಗ್ಗಿದ ಹಾಗೆ, ನಿವೃತ್ತರಾದವರಿಗೆ ಆರೋಗ್ಯ ಸೌಲಭ್ಯದಂಥವುಗಳ ಬಗ್ಗೆ ಕೊಟ್ಟ ಮಾತಿನ ಹೊರೆ ಕುಗ್ಗಲಿಲ್ಲ. ಇಳಿಮುಖವಾದ ಉದ್ಯಮಗಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿಯೇ.

ತಪ್ಪು ಕಲ್ಪನೆ: ಕಂಪನಿ ಉಳಿದರೆ ಎಲ್ಲರೂ ಉಳಿದಂತೆ.

ಸತ್ಯ: ಕೊಡಕ್ ಉಳಿಯಿತು, ಆದರೆ ಹಳೆಯ ಷೇರುಗಳು ರದ್ದಾದವು. ಅಮೆರಿಕದ ನಿವೃತ್ತರ ಆರೋಗ್ಯ ಸೌಲಭ್ಯ 2012ರ ಕೊನೆಗೆ ನಿಂತಿತು. ಡಿಜಿಟಲ್ ಪೇಟೆಂಟ್‌ಗಳನ್ನು ಸುಮಾರು 52.7 ಕೋಟಿ ಡಾಲರಿಗೆ ಬಿಟ್ಟುಕೊಡಬೇಕಾಯಿತು. ಡಿಜಿಟಲ್ ಕ್ಯಾಮೆರಾ ತಯಾರಿಕೆಯನ್ನೂ ಕೈಬಿಟ್ಟಿತು. ದಿವಾಳಿ ಕಾಯ್ದೆ ನಷ್ಟವನ್ನು ಇಲ್ಲವಾಗಿಸುವುದಿಲ್ಲ. ಯಾರ ಪಾಲಿಗೆ ಎಷ್ಟು ನಷ್ಟ ಎಂಬುದನ್ನು ಮಾತ್ರ ಇತ್ಯರ್ಥ ಮಾಡುತ್ತದೆ.

ತಪ್ಪು ಕಲ್ಪನೆ: ದಿವಾಳಿಯಾದ ಕಂಪನಿಯ ಕಾರ್ಮಿಕರಿಗೆ ಬಿಡಿಗಾಸೂ ಸಿಗದು.

ಸತ್ಯ: ಭಾರತದ 2016ರ ದಿವಾಳಿ ಸಂಹಿತೆಯ ಪ್ರಕಾರ, ಕಂಪನಿಯ ಆಸ್ತಿ ಮಾರಿ ಹಣ ಹಂಚುವಾಗ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ, ಅಡಮಾನ ಬಿಟ್ಟುಕೊಟ್ಟ ಬ್ಯಾಂಕುಗಳಿಗೆ ಸಮನಾದ ಸ್ಥಾನವಿದೆ. ಪಿಎಫ್, ಪಿಂಚಣಿ, ಗ್ರಾಚ್ಯುಟಿ ನಿಧಿಗಳ ಹಣವನ್ನು ಆ ಹಂಚಿಕೆಗೆ ಸೇರಿಸುವಂತಿಲ್ಲ. ಷೇರುದಾರರ ಸರದಿ ಕಟ್ಟಕಡೆಯದು.

ಆದರೆ ಹಕ್ಕು ತಾನಾಗಿ ಕೈಸೇರದು. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ದಿವಾಳಿ ಅರ್ಜಿಯನ್ನು ಅಂಗೀಕರಿಸಿದ ಮೇಲೆ ಬಾಕಿದಾರರು ತಮ್ಮ ಲೆಕ್ಕ ಸಲ್ಲಿಸಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ನಿಮ್ಮ ಕಾರ್ಖಾನೆಗೆ ಆ ಸ್ಥಿತಿ ಬಂದರೆ ‘ಎಲ್ಲ ಮುಗಿಯಿತು’ ಎಂದು ಕೈಚೆಲ್ಲಿ ಕೂರಬೇಡಿ. ಸಂಬಳದ ಚೀಟಿ, ನೇಮಕಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್ ಜೋಡಿಸಿಟ್ಟುಕೊಂಡು ಗಡುವಿನೊಳಗೆ ನಿಮ್ಮ ಬಾಕಿಯನ್ನು ಬರೆದುಕೊಡಿ.